ಮೆಟ್ಟಿಲಿಲ್ಲದ ಹೊಳೆ

8 ಜೂನ್ 2008, ಭಾನುವಾರ

ಅವ್ವ ಬಂದು ನಾಲ್ಕು ದಿನ. ಬೆಳಗ್ಗೆ ಎದ್ದು ನೋಡಿದರೆ ಪಾತ್ರೆ ತೊಳೆಯುವ ಸೋಪು ಕಾಣೆ, ಅದರ ಜಾಗದಲ್ಲಿ ಒಂದು ಡಬ್ಬಿ ತುಂಬ ಬೂದಿ.

"ಎಲ್ಲಿಂದ ತಂದಿ ಅವ್ವಾ ಇದನ್ನ?"

"ಮೂಲಿಮ್ಯಾಗ ಇಸ್ತ್ರಿ ಮಾಡ್ತಾನಲ್ಲ, ದ್ಯಾಮಣ್ಣ ಅಂತ, ಅವನ ಇದ್ದಲಿ ಬೂದಿ. ಪಾಪ, ಚರಂಡಿಗೆ ಚೆಲ್ಲಾಕ ಹತ್ತಿದ್ದ. ನನಗ ಕೊಡಪಾ ಅಂದೆ."

ಕಣ್ಣು ಸರಿಯಾಗಿ ಕಾಣದವಳು, ಗೋಡೆ ಸವರಿಕೊಂಡು ಹೋಗಿ ಬೂದಿ ಕೇಳಿ ತಂದಿದ್ದಾಳೆ. ಕ್ವಾರ್ಟರ್ಸಿನ ಅರ್ಧ ಜನ ನೋಡಿರಬೇಕು. ಇಪ್ಪತ್ತನಾಲ್ಕು ವರ್ಷ ಈ ಜಾಲಹಳ್ಳಿಯಲ್ಲಿ ನಾನು ಒಂದು ಮಟ್ಟದಲ್ಲಿ ಬದುಕಿದ್ದೇನೆ. ಇವರು ಕಾರ್ಖಾನೆಯ ಟೂಲ್ ರೂಮಿನಲ್ಲಿ ಸೀನಿಯರ್. ಬೂದಿಯಲ್ಲಿ ಪಾತ್ರೆ ಬೆಳಗುವುದನ್ನು ನಾನು ಬಾಗಲಕೋಟೆ ಕಡೆಯೇ ಬಿಟ್ಟು ಬಂದವಳು.

ತಮ್ಮ ಸಂಗಣ್ಣ ಅವ್ವನನ್ನು ಬಿಟ್ಟು ಹೋಗಿದ್ದು ಕಣ್ಣಿನ ಡಾಕ್ಟರಿಗೆ ತೋರಿಸಲಿ ಎಂದು. ತೋರಿಸಿದೆ. ಗ್ಲಾಕೋಮಾ. ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಕ್ಕೆ ಎರಡು ಸಲ ಹನಿ ಹಾಕಬೇಕು. ಅಂಚೆಲ್ಲ ಕತ್ತಲಾಗಿ ನಡುವೆ ಮಾತ್ರ ಒಂದಿಷ್ಟು ಕಾಣುತ್ತದಂತೆ. ಔಷಧಿ ಹಿಡಿಯುತ್ತದೋ ಇಲ್ಲವೋ ನೋಡಲು ಮೂರು ತಿಂಗಳು ಬೇಕು ಅಂದರು. ಗಣಪತಿ ಹಬ್ಬ ಮುಗಿದ ಮೇಲೆ ಬಂದು ಕರೆದೊಯ್ಯುತ್ತೇನೆ ಅಂದಿದ್ದಾನೆ ಸಂಗಣ್ಣ.

ಹದಿಮೂರು ವಾರ.

14 ಜೂನ್, ಶನಿವಾರ

ಕ್ವಾರ್ಟರ್ಸಿನ ಕ್ಲಬ್ಬಿನ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದರು: ಪ್ರತಿ ಶನಿವಾರ ಮೂರರಿಂದ ಐದು, ಜಲವರ್ಣದಲ್ಲಿ ನಿಸರ್ಗಚಿತ್ರ. ಹೆಸರು ಕೊಟ್ಟೆ. ಬಹಳ ದಿನದ ಆಸೆ ಅಂತ ಇವರಿಗೆ ಹೇಳಿದೆ. ಇಲ್ಲಿ ಸುಳ್ಳು ಬರೆಯುವುದೇಕೆ? ವಾರಕ್ಕೆ ಎರಡು ಗಂಟೆ ನನಗೆ ಮನೆಯಿಂದ ಹೊರಗಿರಬೇಕಿತ್ತು.

ಕಲಿಸುವವರು ಲಕ್ಷ್ಮಯ್ಯ. ಕಾರ್ಖಾನೆಯ ಪೇಂಟ್ ಶಾಪಿನಲ್ಲಿದ್ದು ರಿಟೈರ್ ಆದವರು, ಇಲ್ಲಿಯ ಹಳೇ ಊರಿನವರೇ. "ಮೂವತ್ತೊಂದು ವರ್ಸ ಮಿಸೀನಿಗೆ ಒಂದೇ ಹಸ್ರು ಬಳ್ದೆ ಕಣಮ್ಮ. ಮಿಕ್ಕಿದ್ ಬಣ್ಣಾನೂ ನೋಡೇಬುಡನ ಅಂತ ಇದನ್ನ ಹಿಡ್ಕಂಡೆ" ಅಂದರು.

ಮೊದಲ ಪಾಠ ಆಕಾಶ. ಕಾಗದ ಒದ್ದೆ ಮಾಡಿ ನೀಲಿ ಎಳೆಯಬೇಕು, ಅಷ್ಟೆ. ನನ್ನ ಆಕಾಶ ಹಾಸಿಗೆ ಬಟ್ಟೆಯ ಹಾಗೆ ಪಟ್ಟೆ ಪಟ್ಟೆ ಬಂತು. ಪಟ್ಟೆ ಸರಿಮಾಡಲು ಹೋಗಿ ಕಾಗದದ ಮೇಲ್ಪದರವೇ ಕಿತ್ತುಬಂತು.

"ನೀರಿನ ಕೂಡೆ ಜಗಳ ಆಡ್ತಿದ್ದೀಯ ಕಣಮ್ಮ. ಬುಡು. ಅದು ಓಗೋ ಕಡೆ ಓಗ್ತದೆ, ನೀನು ನೋಡ್ತಾ ಕುಂತ್ಕೋ."

ಐದೂಕಾಲಿಗೆ ಮನೆಗೆ ಬಂದರೆ ಅವ್ವ ನೆಲ ಒರೆಸುವ ಬಕೆಟ್ಟಿಗೆ ಬೇವಿನ ಸೊಪ್ಪು ಕುದಿಸಿದ ನೀರು ಸುರಿದು ಕೂತಿದ್ದಳು. ಫಿನಾಯಿಲ್ ವಾಸನೆಗೆ ತಲೆ ನೋಯುತ್ತದಂತೆ.

2 ಜುಲೈ, ಬುಧವಾರ

ಅವ್ವನ ಮೇಲೆ ರೇಗಿದೆ. ಹಿತ್ತಲಿನ ನಲ್ಲಿಯ ಹತ್ತಿರ ಕೂತು ತಿರುಗಿಸುವುದು, ಕೈಯೊಡ್ಡುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು. "ನೀರು ಸುಮ್ಮನ ಹೋಗ್ತದವ್ವಾ, ಸಣ್ಣ ಕೂಸೇನು ನೀನು?" ಅಂದೆ. ತಟ್ಟನೆ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು.

ಇನ್ನೂ ಹತ್ತು ವಾರ.

12 ಜುಲೈ, ಶನಿವಾರ

ಲಕ್ಷ್ಮಯ್ಯನವರ ಹೆಂಡತಿ ಭಾಗ್ಯಮ್ಮ ಇವತ್ತು ನಮ್ಮ ಮನೆಗೇ ಬಂದುಬಿಟ್ಟರು. ಅವ್ವ ಕುಟ್ಟಿದ ಸೀಗೆಪುಡಿಯನ್ನು ನಾನೇ ಹೋದ ವಾರ ಅವರಿಗೆ ಒಂದು ಡಬ್ಬಿ ಕೊಟ್ಟಿದ್ದೆ, ಮನೆಯಲ್ಲಿ ರಾಶಿ ಬಿದ್ದಿತ್ತೆಂದು. "ಮೆಂತ್ಯ ಆಕಿದ್ದೀಯೇನಕ್ಕ? ನಿಂಬೆ ಸಿಪ್ಪೆನೂ ಐತೆ ಅಲ್ವಾ?" ಅಂತ ಅವರು. "ಮತ್ತ ದಾಸವಾಳದ ಎಲಿ" ಅಂತ ಇವಳು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುವುದಿಲ್ಲ, ಆದರೂ ಒಂದೂವರೆ ತಾಸು ಮಾತು. ಅವರ ಮನೆಯಲ್ಲಿ ಒರಳು ಇದೆಯಂತೆ. ಮಂಗಳವಾರ ಅಲ್ಲಿ ಕುಟ್ಟುವುದೆಂದು ನಿಶ್ಚಯವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಕ್ಲಾಸಿನಲ್ಲಿ ಇವತ್ತು ನನ್ನ ಗುಡ್ಡ ಗುಡ್ಡದ ಹಾಗೇ ಕಂಡಿತು. ಕ್ಯಾಲೆಂಡರ್ ನೋಡಿ ಬರೆದದ್ದು: ಹಿಮ, ಸರೋವರ, ಪೈನ್ ಮರ. ಲಕ್ಷ್ಮಯ್ಯ ಬಹಳ ಹೊತ್ತು ನೋಡಿದರು. "ಚೆಂದಾಗೈತೆ. ನೀನು ಓಗಿದ್ಯಾ ಇಲ್ಲಿಗೆ?"

ಇಲ್ಲ ಅಂದೆ.

"ಓಗಿರೋ ಜಾಗ ಯಾವ್ದಾನ ಬರಿ."

ದಾರಿಯಲ್ಲಿ ಬರುವಾಗಲೇ ಹೊಳೆಯಿತು. ನಮ್ಮೂರು! ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಆರು ವರ್ಷವಾಯಿತು, ಒಂದು ಫೋಟೋ ಕೂಡ ಇಲ್ಲ. ಅವ್ವನಿಗೆ ಉಳಿದ ಕಣ್ಣು ಎಷ್ಟು ದಿನದ್ದೋ. ಅಷ್ಟರೊಳಗೆ ಅವಳ ಊರನ್ನು ಬರೆದುಕೊಡಬೇಕು. ಸರಕಾರ ಕೊಟ್ಟ ಹೊಸ ಊರಿನ ಮನೆಯ ಗೋಡೆಗೆ ತೂಗುಹಾಕಿಕೊಂಡು ನೋಡುತ್ತಿರಲಿ. ಸಂಗಣ್ಣ ಬರುವಷ್ಟರಲ್ಲಿ ಮುಗಿಯಬೇಕು.

20 ಜುಲೈ, ಭಾನುವಾರ

ಅವ್ವನನ್ನು ಕೂರಿಸಿಕೊಂಡು ಊರಿನ ನಕ್ಷೆ ಹಾಕಿದೆ. ನನಗೆ ನೆನಪಿರುವುದು: ಘಟಪ್ರಭಾ ಹೊಳೆ, ದಂಡೆಯ ಮೇಲೆ ಆಲದ ಮರ, ಹನುಮಪ್ಪನ ಗುಡಿ, ಆಚೆ ದಂಡೆಗೆ ಬಿಳಿಜೋಳದ ಎರೆಹೊಲ, ಸಂಜೆ ಹೊತ್ತು ಹೊಳೆಗೆ ಇಳಿಯುವ ಎಮ್ಮೆ.

"ಆಲದ ಮರ ಗುಡಿಯ ಎಡಕ್ಕಿತ್ತೋ ಬಲಕ್ಕಿತ್ತೋ ಅವ್ವಾ?"

"ಯಾರ ನೋಡ್ಯಾರ? ತಲಿಮ್ಯಾಲ ಕೊಡ ಇದ್ರ ಮರ ಎಲ್ಲಿ ಕಾಣತೈತಿ."

"ಹೊಳಿ ನೀರಿನ ಬಣ್ಣ?"

"ಮಳಿಗಾಲದಾಗ ರಾಡಿ. ಮನಿಗೆ ತಂದು ಸೋಸಬೇಕಿತ್ತು."

"ಹೊಳಿಗೆ ಇಳಿಯೂ ಮೆಟ್ಟಲಾ?"

"ಅರವತ್ತೆರಡು" ಅಂದಳು, ಕೇಳುವ ಮೊದಲೇ ಬಾಯಲ್ಲಿ ಇಟ್ಟುಕೊಂಡಿದ್ದವಳ ಹಾಗೆ. ಆಮೇಲೆ ಎದ್ದು ಅಂಟವಾಳಕಾಯಿ ನೆನೆಹಾಕಲು ಹೋದಳು.

ಊರಿನ ಸುದ್ದಿ ತೆಗೆದರೆ ಅವ್ವನಿಗೆ ಸಂಕಟವಾಗುತ್ತದೆ, ಪಾಪ. ಇನ್ನು ಕೇಳಬಾರದು. ನನ್ನ ನೆನಪಿನಿಂದಲೇ ಬರೆಯುತ್ತೇನೆ.

26 ಜುಲೈ, ಶನಿವಾರ

ಎರೆಮಣ್ಣಿನ ಕಪ್ಪು ಹೇಗೆ ತರುವುದು ಅಂತ ಕೇಳಿದೆ. ಕಪ್ಪು ಬಣ್ಣ ಮುಟ್ಟಲೇಬೇಡ ಅಂದರು ಲಕ್ಷ್ಮಯ್ಯ. ನೀಲಿಗೆ ಕಂದು ಸೇರಿಸಬೇಕು, ಕಾಗದದ ಮೇಲೇ ಅವೆರಡೂ ಕೂಡಿಕೊಳ್ಳಬೇಕು. ಮಾಡಿದೆ. ಮಳೆ ಬಿದ್ದ ಮರುದಿನದ ನಮ್ಮ ಹೊಲ!

ಕಾರ್ಖಾನೆಯ ಪೇಂಟ್ ಶಾಪ್ ಇರುವಲ್ಲೇ ಮೊದಲು ಲಕ್ಷ್ಮಯ್ಯನವರ ಅಪ್ಪನ ರಾಗಿ ಹೊಲ ಇತ್ತಂತೆ. "ಅದನ್ನ ಬರ್ದಿದ್ದೀರಾ?" ಅಂದೆ.

"ಇಲ್ಲ ಕಣಮ್ಮ. ನೀವು ಓದಿರೋರು ಹೊಲ ಅಂದ್ರೆ ಹಸ್ರು ಅಂತೀರ. ನಂಗೆ ನೆಪ್ಪಿರೋದು ಕಳೆ ಕೀಳೋವಾಗ ಬೆನ್ನ ಮ್ಯಾಲಿನ ಬಿಸ್ಲು. ಅದ್ಕೆ ಯಾವ ಬಣ್ಣ ಆಕನ?"

ನಕ್ಕೆವು.

6 ಆಗಸ್ಟ್, ಬುಧವಾರ. ಪಂಚಮಿ

ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಬೇಕು. ನಾನು ಹೋಗಿ ಎಷ್ಟೋ ವರ್ಷವಾಯಿತು. ಈ ಸಲ ತವರೇ ಬಂದು ನನ್ನ ಅಡುಗೆಮನೆಯಲ್ಲಿ ಕೂತಿದೆ. ಅವ್ವ ಐದು ಥರದ ಉಂಡಿ ಕಟ್ಟಿದಳು. ಪಾಕ ನೋಡುವುದು ಕಣ್ಣಿನಿಂದಲ್ಲ, ಎರಡು ಬೆರಳಿನಿಂದ. ಇವರು ಶೇಂಗಾ ಉಂಡಿ ನಾಲ್ಕು ತಿಂದು, "ನೀಲಾಂಬಿಕಾ, ಇಪ್ಪತ್ತನಾಲ್ಕು ವರ್ಷದಾಗ ನೀ ಒಮ್ಮೇನೂ ಹಿಂಗ ಮಾಡಿಲ್ಲ ನೋಡು" ಅಂದರು. ದಾವಣಗೆರೆ ಹಾಸ್ಟೆಲಿನಲ್ಲಿರುವ ಮಗಳು ಶೈಲಶ್ರೀಗೆ ಒಂದು ಡಬ್ಬಿ ಕಳಿಸಿದೆ. ಅವಳ ಕೋಣೆಯಲ್ಲೇ ಈಗ ಅವ್ವ ಮಲಗುವುದು.

ಸಂಗಣ್ಣ ಫೋನ್ ಮಾಡಿದ್ದ. ಹೊಸ ಊರಿನ ಮನೆಗೆ ಅವ್ವನಿಗೆಂದೇ ಒಂದು ಖೋಲಿ ಸೇರಿಸಿ ಕಟ್ಟಿಸುತ್ತಿದ್ದಾನೆ.

ಸಂಜೆ ಕುಂಚ ತೊಳೆಯುವ ಬಟ್ಟಲು ಅಂತ ಅಂಟವಾಳದ ನೀರಿಗೇ ಅದ್ದಿಬಿಟ್ಟೆ. ಮೋಡದ ತುಂಬ ನೊರೆ. ಅವ್ವ, "ಆಕಾಶಾನೂ ಒಗದ್ಯಾ?" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

17 ಆಗಸ್ಟ್, ಭಾನುವಾರ

ಹೇಗೆ ಬರೆಯಲಿ?

ಚಿತ್ರ ಮುಗಿದಂತೆಯೇ ಆಗಿತ್ತು. ತಡೆಯಲಾರದೆ ಅವ್ವನಿಗೆ ತೋರಿಸಿದೆ. ಬಾಗಿಲ ಬಿಸಿಲಿಗೆ ಕೂತು, ಕಾಗದವನ್ನು ಮುಖದ ಹತ್ತಿರ ಹಿಡಿದು, ಬೆರಳಗಲ ಬೆರಳಗಲ ಸರಿಸುತ್ತ ನೋಡಿದಳು. "ಇದು ಗುಡಿ. ಹೌದಲ್ಲ? ಇದು ಮರ. ಭಾರಿ ಚಲೋ ಬರದಿಯವ್ವಾ." ಹಾಗೇ ಕೆಳಗೆ ಬಂದಳು. ಹೊಳೆಗೆ ಇಳಿಯುವ ಮೆಟ್ಟಿಲುಗಳನ್ನು ಒಂದೊಂದಾಗಿ ಬರೆದಿದ್ದೆ. ಅಲ್ಲಿ ಬೆರಳು ನಿಂತಿತು.

"ಇದನ್ನ ತಗಿ."

"ಯಾಕವ್ವಾ? ಮೆಟ್ಟಲಾ ಇದ್ವಲ್ಲ?"

"ಇದ್ವು. ಅದಕ್ಕ ತಗಿ."

ಕಾಗದವನ್ನು ಮಡಿಲಿಗೆ ಇಳಿಸಿದಳು. ಆಮೇಲೆ ನನ್ನ ಕಡೆ ನೋಡದೆ, ಜೋಳ ಹಸನು ಮಾಡುವಾಗ ಮಾತಾಡುವ ಹಾಗೆ ಹೇಳಿದಳು:

"ನಿನಗಿಂತ ಮೊದಲ ಒಂದು ಇತ್ತು. ಏಳು ತಿಂಗಳಾಗಿತ್ತು ನನಗ. ತಲಿಮ್ಯಾಲೊಂದು ಕೊಡ, ಸೊಂಟದಾಗೊಂದು. ಶ್ರಾವಣದ ಮಳಿ, ಪಾಚಿ ಕಟ್ಟಿತ್ತು. ಮ್ಯಾಲಿಂದ ಏಳನೇ ಮೆಟ್ಟಲಾ. ಜಾರಿದೆ. ಕೂಸು ಅವತ್ತ ರಾತ್ರಿ ಹೋತು. ಗಂಡು ಕೂಸು. ತಾಮ್ರದ ಕೊಡ ನೆಗ್ಗೇತಿ ಅಂತ ನಮ್ಮತ್ತಿ ಬೈದಳು. ಮೂರನೇ ದಿನಕ್ಕ ಮತ್ತ ಅದ ಮೆಟ್ಟಲಾ, ಅದ ಕೊಡ."

ನನಗೆ ನಲವತ್ತಾರು ವರ್ಷ. ನನಗೊಬ್ಬ ಅಣ್ಣ ಇದ್ದನೆಂದು ಇವತ್ತು ತಿಳಿಯಿತು.

"ಸಂಗಣ್ಣಗ ಗೊತ್ತೈತೇನು?"

"ಯಾರಿಗೂ ಗೊತ್ತಿಲ್ಲ. ಯಾರ ಕೇಳ್ಯಾರ? ಊರು ಮುಳುಗಿದ ದಿನ ಮಂದಿ ಎಲ್ಲಾ ಗುಡ್ಡದ ಮ್ಯಾಲ ನಿಂತು ಅತ್ರು. ನಾನೂ ಅತ್ತೆ, ಅಳಲಿಲ್ಲಂದ್ರ ಏನಂದಾರು ಅಂತ. ಆದ್ರ ಆ ನೀರು ಬಂದು ಮೆಟ್ಟಲಾ ನುಂಗಿತಲ್ಲ, ಅದನ್ನ ಮಾತ್ರ ಕಣ್ತುಂಬ ನೋಡಿದೆ. ಅವಾಗ ಕಣ್ಣು ಚಲೋ ಇದ್ವು."

ಆಮೇಲೆ ಅಂದಳು: "ಇಲ್ಲಿ ನೋಡು, ಒಂದು ತಿರುವು ತಿರುವಿದ್ರ ಬರ್ತೈತಿ."

ನಲ್ಲಿಯ ಮಾತು. ಅವತ್ತು ನಾನು ಅವಳಿಗೆ ಏನೆಂದೆ ಅಂತ ನೆನಪಾಯಿತು.

18 ಆಗಸ್ಟ್

ಏನೂ ಬರೆಯಲು ಮನಸ್ಸಿಲ್ಲ. ಅವ್ವನ ತಲೆಗೆ ಎಣ್ಣೆ ಹಚ್ಚಿ ಎರೆದೆ. ಕೂದಲು ಎಷ್ಟು ತೆಳ್ಳಗಾಗಿದೆ.

23 ಆಗಸ್ಟ್, ಶನಿವಾರ

ಬರೆದದ್ದನ್ನು ಕಾಗದದಿಂದ ತೆಗೆಯುವುದು ಹೇಗೆ ಅಂತ ಲಕ್ಷ್ಮಯ್ಯನವರನ್ನು ಕೇಳಿದೆ. ಯಾಕೆ ಅಂತ ಅವರು ಕೇಳಲಿಲ್ಲ. ಒದ್ದೆ ಕುಂಚದಲ್ಲಿ ನೆನೆಸು, ಮೆತ್ತಗಿನ ಬಟ್ಟೆ ಒತ್ತಿ ಎತ್ತು, ಉಜ್ಜಬೇಡ.

"ಪೂರ್ತಿ ಓಗಲ್ಲ ಕಣಮ್ಮ. ಒಸಿ ಮಬ್ಬು ಉಳೀತದೆ."

ಅವ್ವನ ಹಳೆಯ ಸೀರೆಯ ತುಂಡಿನಿಂದ ಒಂದೊಂದೇ ಮೆಟ್ಟಿಲನ್ನು ಎತ್ತಿದೆ. ಅರವತ್ತೆರಡನ್ನೂ ಬರೆದಿರಲಿಲ್ಲ, ಹದಿನೆಂಟೇ ಇದ್ದವು. ಆದರೂ ಎರಡು ತಾಸು ಹಿಡಿಯಿತು. ಮೆಟ್ಟಿಲಿದ್ದಲ್ಲಿ ಈಗ ಬರೀ ಇಳಿಜಾರು ದಂಡೆ, ಮೇಲೆ ತೆಳ್ಳಗೆ ಹುಲ್ಲು.

ತಲೆಗೆ ಎರೆಯುವ ನೀರಿಗೆ ಸೀಗೆ ಕುದಿಯುತ್ತಿದೆ. ಮನೆಯೆಲ್ಲ ಅದೇ ಘಮ.

31 ಆಗಸ್ಟ್, ಭಾನುವಾರ

ಅವ್ವ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. "ಹಬ್ಬ ಬಂತಲ್ಲ, ಸಂಗ್ಯಾ ಬರ್ತಾನ." ಇನ್ನೂ ದಿನ ಇದೆ ಅಂತ ಹೇಳಿ, ಚೀಲ ಖಾಲಿ ಮಾಡಿ ಅಟ್ಟದ ಮೇಲೆ ಹಾಕಿದೆ. ಮೊನ್ನೆ ಕಣ್ಣಿನ ಡಾಕ್ಟರು ನೋಡಿದರು. ಔಷಧಿ ಹಿಡಿದಿದೆ, ಕಣ್ಣಿನೊಳಗಿನ ಒತ್ತಡ ಇಳಿದಿದೆ. ಒಂದು ದಿನವೂ ತಪ್ಪಿಸಬೇಡಿ ಅಂದರು.

7 ಸೆಪ್ಟೆಂಬರ್, ಭಾನುವಾರ

ಬೆಳಗ್ಗೆ ಸಂಗಣ್ಣ ಬಂದ. ಜೋಳದ ಚೀಲ, ಬೆಲ್ಲ, ಅವ್ವನಿಗೆ ಹೊಸ ಇಳಕಲ್ ಸೀರೆ. ಕೂತವನೇ ಖೋಲಿಯ ಸುದ್ದಿ ಶುರುಮಾಡಿದ. ಮುಖದ ತುಂಬ ಖುಷಿ.

"ಪಡುವಣ ಗ್ವಾಡಿಗೆ ದೊಡ್ಡ ಕಿಟಕಿ ಇಡಿಸೀನವ್ವಾ. ಅಲ್ಲಿ ಕುಂತ್ರ ಹಿನ್ನೀರು ಎದರಿಗೇ ಕಾಣತೈತಿ. ನಮ್ಮೂರು ಮುಳುಗಿದ ಜಾಗ ಅಲ್ಲೇ. ದಿನಾ ನೋಡಬಹುದು."

ಅವ್ವ "ಹೂಂ" ಅಂದಳು. ಆ ಹೂಂ ನನಗೆ ಮೊದಲೂ ಎಷ್ಟೋ ಸಲ ಕೇಳಿಸಿತ್ತು. ಇವತ್ತು ಕೇಳಿ ಸುಮ್ಮನಿರಲಾಗಲಿಲ್ಲ.

"ಸಂಗಣ್ಣ, ಅವ್ವನ್ನ ಒಂದು ಮಾತು ಕೇಳೋಣೇನು?" ಅಂದೆ. ಅವ್ವನ ಕಡೆ ತಿರುಗಿದೆ. "ಅವ್ವಾ, ನಿನಗ ಎಲ್ಲಿ ಇರಬೇಕು ಅನಸ್ತೈತಿ?"

ಸಂಗಣ್ಣ ನಕ್ಕ. "ಇದೇನಕ್ಕಾ, ಕೇಳೂ ಮಾತಾ?"

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಇಲ್ಲೇ" ಅಂದಳು.

ಸಂಗಣ್ಣ ನನ್ನನ್ನು ನೋಡಿದ ನೋಟವನ್ನು ನಾನು ಬೇಗ ಮರೆಯಲಾರೆ.

"ನೀ ಕಲಿಸೀದೇನಕ್ಕಾ? ಮಗ ಗಟ್ಟಿಮುಟ್ಟು ಇದ್ದಾನ, ತಾಯಿ ಮಗಳ ಮನ್ಯಾಗ ಅಂದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ. ಆರು ತಿಂಗಳಾತು ಆ ಖೋಲಿಗೆ ನಾನ ಇಟ್ಟಂಗಿ ಹೊತ್ತೀನಿ."

"ಉಗುಳೂ ಮಂದಿ ನನಗೊಂದು ಕೊಡ ನೀರು ತಂದುಕೊಟ್ಟಿಲ್ಲ ಯಪ್ಪಾ" ಅಂದಳು ಅವ್ವ. ಗಟ್ಟಿಯಾಗಿ ಅಲ್ಲ. "ನಿನ್ನ ಮ್ಯಾಲ ಸಿಟ್ಟಿಲ್ಲ. ಸೊಸಿ ಮ್ಯಾಲೂ ಇಲ್ಲ. ಸುಗ್ಗಿಗೆ ಬರ್ತೀನಿ, ಎಂಟು ದಿನ ಇರ್ತೀನಿ. ಆದ್ರ ನನ್ನ ಆ ಕಿಟಕಿಗೆ ಕುಂದ್ರಸಬ್ಯಾಡ."

ಇವರು ಅಷ್ಟೊತ್ತೂ ಪೇಪರ್ ಹಿಡಿದುಕೊಂಡೇ ಕೂತಿದ್ದರು. ಮಡಚಿಟ್ಟು, "ಸಂಗಣ್ಣ, ಅತ್ತಿ ನಮಗ ಭಾರ ಅಲ್ಲ. ಇನ್ನ ಮೂರು ವರ್ಷಕ್ಕ ನನಗೂ ರಿಟೈರು, ಈ ಕ್ವಾರ್ಟರ್ಸು ಬಿಡಬೇಕು. ಎಲ್ಲಿ ಹೋದ್ರೂ ಅವರಿಗೊಂದು ಖೋಲಿ ಇರ್ತೈತಿ. ಇದು ನನ್ನ ಮಾತು" ಅಂದರು. ಮುರಿಗೆಪ್ಪ ಅನ್ನುವ ಈ ಮನುಷ್ಯ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿಲ್ಲ.

ಸಂಗಣ್ಣ ಊಟ ಅರ್ಧಕ್ಕೇ ಬಿಟ್ಟ. ಹೊರಡುವಾಗ ಗೋಡೆಗೆ ಒರಗಿಸಿಟ್ಟಿದ್ದ ಚಿತ್ರ ಕಣ್ಣಿಗೆ ಬಿತ್ತು. ಬಹಳ ಹೊತ್ತು ನಿಂತು ನೋಡಿದ. ಕಣ್ಣು ತುಂಬಿಕೊಂಡವು. ಹತ್ತು ವರ್ಷದವನಿದ್ದಾಗ ಆ ಹೊಳೆಯಲ್ಲೇ ಈಜು ಕಲಿತವನು ಅವನು.

"ನಮ್ಮೂರನ್ನಾದ್ರೂ ನನಗ ಕೊಡ್ತೀಯೇನು, ಇಲ್ಲಾ ಅದನ್ನೂ ನೀನ ಇಟ್ಕೋತೀಯೋ?"

ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅವ್ವನ ಕಾಲು ಮುಟ್ಟಿದ. ನನಗೆ ಬರ್ತೀನಿ ಅನ್ನದೆ ಮೂರು ಗಂಟೆಯ ಬಸ್ಸಿಗೆ ಹೋದ.

ಅವ್ವ ಅಳುತ್ತಿದ್ದಾಳೆ. ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದು.

20 ಸೆಪ್ಟೆಂಬರ್, ಶನಿವಾರ

ಸಂಗಣ್ಣನ ಫೋನಿಲ್ಲ. ನಾನು ಮಾಡಿದರೆ ಅವನ ಹೆಂಡತಿ ಎತ್ತಿ, ಹೊಲಕ್ಕೆ ಹೋಗ್ಯಾರ ಅನ್ನುತ್ತಾಳೆ. ಮೂರು ಸಲವೂ ಹೊಲಕ್ಕೇ.

ಅವ್ವನೂ ಇವತ್ತು ಕ್ಲಾಸಿಗೆ ಬಂದಳು, ಭಾಗ್ಯಮ್ಮನ ಜೊತೆ. ನಾನು ಕ್ಲಬ್ಬಿನ ಹಿಂದಿನ ನೀಲಗಿರಿ ಮರಗಳನ್ನು ಬರೆಯುತ್ತಿದ್ದೆ, ಅವಕ್ಕೆ ಮಧ್ಯಾಹ್ನ ಒಂಥರಾ ತಾಮ್ರದ ಬಣ್ಣ. ಇಷ್ಟು ವರ್ಷ ದಿನಾ ಅಲ್ಲೇ ಓಡಾಡಿದ್ದೇನೆ. ಲಕ್ಷ್ಮಯ್ಯ ಬಂದು ನೋಡಿ, ಏನೂ ಹೇಳದೆ ಮುಂದಿನವರ ಹತ್ತಿರ ಹೋದರು. ಅವರು ಏನೂ ಹೇಳದಿದ್ದರೆ ಚೆನ್ನಾಗಿದೆ ಅಂತ ಅರ್ಥ.

ಬರುವಾಗ ದ್ಯಾಮಣ್ಣನ ಗಾಡಿಯ ಹತ್ತಿರ ನಿಂತು ಬೂದಿ ತೆಗೆದುಕೊಂಡು ಬಂದೆ.

9 ಅಕ್ಟೋಬರ್, ಗುರುವಾರ. ಬನ್ನಿ ಹಬ್ಬ

ಹತ್ತೂವರೆಗೆ ಫೋನ್ ಬಂತು. ನಾನೇ ಎತ್ತಿದೆ.

"ಅಕ್ಕಾ, ಬನ್ನಿ ಕೊಟ್ಟೀನಂತ ತಿಳ್ಕೋ. ಬಂಗಾರದಂಗ ಇರೋಣ."

ಒಂದು ತಿಂಗಳಾಗಿತ್ತು ಆ ದನಿ ಕೇಳಿ. "ನಾನೂ ಕೊಟ್ಟೆನಪಾ" ಅಂದೆ. ಮಳೆ ಆಯಿತಾ ಅಂದೆ. ಆಗಿದೆ ಅಂದ. ಖೋಲಿಯಲ್ಲಿ ಸದ್ಯಕ್ಕೆ ಜೋಳ ಒಟ್ಟಿದ್ದಾನಂತೆ. ಚಿತ್ರ ಅದೇ ಖೋಲಿಯ ಗೋಡೆಗಿದೆ, ಊರಿನವರೆಲ್ಲ ಬಂದು ನೋಡಿಹೋಗುತ್ತಾರೆ, ತಂತಮ್ಮ ಮನೆ ಎಲ್ಲಿ ಅಂತ ಹುಡುಕುತ್ತಾರೆ.

"ಒಂದು ಕೇಳ್ತೀನಿ. ಗುಡಿ ಬರದಿ, ಮರ ಬರದಿ, ಎಮ್ಮಿ ಸೈತ ಬರದಿ. ಮೆಟ್ಟಲಾ ಯಾಕ ಇಲ್ಲ? ಹತ್ತಿರ ಹೋಗಿ ನೋಡಿದ್ರ ಅಲ್ಲಿ ಮಬ್ಬ್‌ಮಬ್ಬಾಗಿ ಏನೋ ಐತಿ. ಬರದು ಅಳಿಸೀದೇನು?"

"ಹೂಂ. ಅವ್ವ ತಗಿ ಅಂದಳು."

"ಯಾಕ?"

ನಾನು ಹೇಳಬಹುದಿತ್ತು. ಬಾಯಿಗೂ ಬಂದಿತ್ತು.

"ಅವ್ವನ್ನ ಕೇಳು" ಅಂದೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ತೊಳೆಸಿ, ಕುರ್ಚಿಯಲ್ಲಿ ಕೂರಿಸಿ, ಫೋನನ್ನು ಅವಳ ಕಿವಿಗಿಟ್ಟೆ. ಆ ಕಡೆಯಿಂದ ಅವನು ಕೇಳಿದ್ದು ನನಗೂ ಸಣ್ಣಗೆ ಕೇಳಿಸಿತು. ಅವ್ವ ನನ್ನತ್ತ ಮುಖ ತಿರುಗಿಸಿದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ, ಆಮೇಲೆ ತೆಗೆದೆ.

"ನೀ ಹುಟ್ಟೂಕಿಂತ ಭಾಳ ಮೊದಲಿನ ಮಾತು ಸಂಗಪ್ಪಾ" ಅಂತ ಅವ್ವ ಶುರುಮಾಡಿದಳು.

ನಾನು ಒಲೆ ಆರಿಸಿ ಹಿತ್ತಲಿಗೆ ಬಂದು ಬಾಗಿಲು ಮುಂದೆ ಮಾಡಿಕೊಂಡೆ. ಇವರು ಸ್ನಾನ ಮುಗಿಸಿ, ರೊಟ್ಟಿ ಆಯಿತೇನು ಅಂತ ಕೇಳಿಕೊಂಡು ಬಂದರು. ಇನ್ನೂ ಇಲ್ಲ, ತಡವಾಗುತ್ತದೆ ಅಂದೆ. ಒಳಗೆ ಅವ್ವನ ದನಿ ಒಮ್ಮೆ ನಿಂತಿತು. ಫೋನ್ ಇಟ್ಟಳೇನೋ ಅಂದುಕೊಂಡೆ. ಇಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಮತ್ತೆ ಮಾತಾಡತೊಡಗಿದಳು.